ಕತ್ತರಿಸಿ ಅಂಟಿಸಿದ ಚಿತ್ರಗಳು

(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನಾನು 31 ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು. ಭಾಷಣದ ರೂಢಿಯಿಲ್ಲ. ಇವತ್ತು ಒಬ್ಬ ಕಲಾವಿದೆಯ ಬಗ್ಗೆ ಹೇಳಬೇಕೆಂದು ಬಂದಿದ್ದೇನೆ. ನಡುವೆ ನನ್ನ ಮನೆಯ ಮಾತೂ ಬರುತ್ತದೆ, ಸಹಿಸಿಕೊಳ್ಳಿ.

ಅವರ ಹೆಸರು ಚಿತ್ರಾ ಗಣೇಶ್. 1975ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ತಂದೆ ತಾಯಿ ಭಾರತದಿಂದ ಹೋದವರು. ನಮ್ಮ ಮಕ್ಕಳ ಹಾಗೆ ಅವರಿಗೂ ಅಮರ ಚಿತ್ರ ಕಥೆಯ ಪರಿಚಯವಿತ್ತು. ಆ ಮಾಲೆಯನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು. ನಮ್ಮ ಮನೆಯಲ್ಲಿ ಒಂದು ಟ್ರಂಕಿನ ತುಂಬ ಆ ಪುಸ್ತಕಗಳಿದ್ದವು. ಅವುಗಳಲ್ಲಿ ಹೆಣ್ಣುಮಕ್ಕಳು ಹೇಗಿರುತ್ತಿದ್ದರು, ನೆನಪಿಸಿಕೊಳ್ಳಿ. ಬೆಳ್ಳಗೆ, ತೆಳ್ಳಗೆ, ಬಹಳ ಸಲ ಯಾರಿಗಾಗಿಯೋ ಕಾಯುತ್ತ.

2002ರಲ್ಲಿ ಚಿತ್ರಾ 'ಟೇಲ್ಸ್ ಆಫ್ ಅಮ್ನೀಸಿಯಾ' ಎಂಬ ಕೃತಿ ಮಾಡಿದರು. ಮರೆವಿನ ಕಥೆಗಳು ಎನ್ನೋಣ. ಅದೇ ಕಾಮಿಕ್ಸಿನ ಚಿತ್ರಗಳನ್ನು ಬಿಡಿಸಿ, ಬೇರೆ ರೀತಿ ಕೂಡಿಸಿ, ತಮ್ಮದನ್ನೂ ಬರೆದು ಸೇರಿಸಿ, ಪಾತ್ರಗಳ ಮಾತನ್ನೂ ಬದಲಿಸಿದರು. ಇದಕ್ಕೆ ಕೊಲಾಜ್ ಎನ್ನುತ್ತಾರೆ. ಅವರ ಹೆಣ್ಣುಗಳಿಗೆ ಹಲವು ಕಣ್ಣು, ಹಲವು ತೋಳು. ಅವರು ಸಿಟ್ಟಾಗುತ್ತಾರೆ, ಅಲೆಯುತ್ತಾರೆ. ಹೆಣ್ಣು ಹೆಣ್ಣನ್ನು ಬಯಸುವುದೂ ಅಲ್ಲಿ ಮುಚ್ಚುಮರೆಯಿಲ್ಲದೆ ಬರುತ್ತದೆ. 2018ರಲ್ಲಿ 'ಸುಲ್ತಾನಾಳ ಕನಸು' ಕಥೆಯನ್ನು 27 ಮುದ್ರಣಚಿತ್ರಗಳಾಗಿ ಮಾಡಿದರು. 1905ರಲ್ಲಿ ಬೇಗಂ ರೊಕೆಯಾ ಬರೆದ ಆ ಕಥೆಯಲ್ಲಿ ಹೆಂಗಸರು ನಾಡನ್ನು ಆಳುತ್ತಾರೆ, ಗಂಡಸರು ಒಳಮನೆಯಲ್ಲಿರುತ್ತಾರೆ. ನಗುತ್ತಿದ್ದೀರಿ, ನಗಿ.

ಈ ಚಿತ್ರಗಳನ್ನು ಮೊಬೈಲಿಗೆ ಕಳಿಸಿದವಳು ನನ್ನ ಮಗಳು. ಜೊತೆಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ನೋಡಿದ ಕೂಡಲೇ ನನಗೆ ಅರ್ಥವಾಯಿತು. 13ನೇ ವಯಸ್ಸಿನಲ್ಲಿ ಅವಳು ಟ್ರಂಕಿನ ಪುಸ್ತಕ ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿದ್ದಳು. ಒಂದು ಕಥೆಯ ರಾಜಕುಮಾರಿ, ಇನ್ನೊಂದು ಕಥೆಯ ರಾಜಕುಮಾರಿ, ಇಬ್ಬರೂ ಒಂದೇ ಕುದುರೆಯ ಮೇಲೆ. ಪುಸ್ತಕ ಹಾಳು ಮಾಡಿದಳೆಂದು ಹೊಡೆದೆ, ನೋಟ್‌ಬುಕ್ಕನ್ನು ಬಚ್ಚಲ ಒಲೆಗೆ ಹಾಕಿದೆ. ಸಿಟ್ಟು ಪುಸ್ತಕದ ಸಲುವಾಗಿಯೇ ಬಂತೆ? ಇವತ್ತಿಗೂ ಹೌದೆನ್ನುವ ಧೈರ್ಯ ನನಗಿಲ್ಲ. ಚಿತ್ರಕಲೆಯ ಟೀಚರು ಬೇರೆ!

ದೊಡ್ಡವಳಾದ ಮೇಲೆ, ತಾನು ಒಬ್ಬ ಹುಡುಗಿಯ ಜೊತೆ ಬಾಳುತ್ತಿದ್ದೇನೆಂದು ಹೇಳಿದಳು. ಇನ್ನು ಜಾತ್ರೆಗೆ ಬರಬೇಡ ಎಂದರು ಅವರಪ್ಪ. ನಾನು ಸುಮ್ಮನಿದ್ದೆ. ಇಂಥ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ನಮ್ಮ ಓಣಿಯ ಮಾತು ಬೇರೆ. ಅವಳು ಊರಿಗೆ ಬರದೆ ನಾಲ್ಕು ವರ್ಷವಾಯಿತು.

ಒಳಗಿರುವ ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂಬುದು ಜೇಡರ ದಾಸಿಮಯ್ಯನವರ ವಚನವೊಂದರ ಭಾವ. ಅದನ್ನು ಇದೇ ಮಂಟಪದಲ್ಲಿ ಎಷ್ಟು ಸಲ ಕೇಳಿದ್ದೇವೆ! ದಾಸಿಮಯ್ಯನವರು ನನ್ನ ಮಗಳನ್ನು ಕುರಿತೇ ಹೇಳಿದರು ಎಂದು ನಾನು ಎಳೆದು ಅರ್ಥ ಮಾಡುವುದಿಲ್ಲ. ಆದರೆ ಆ ವಚನ ಕೇಳುತ್ತ ತಲೆದೂಗುವವರು ನನ್ನ ಮಗಳ ಹೆಸರು ಬಂದಾಗ ಏಕೆ ಮಾತು ಬದಲಿಸುತ್ತೀರಿ? ನಾನೂ ಬದಲಿಸಿದವಳೇ.

ಮೊನ್ನೆ ಫೋನು ಮಾಡಿ ಕರೆದಿದ್ದೇನೆ. ಬರುವ ಜಾತ್ರೆಗೆ ಇಬ್ಬರೂ ಬರುತ್ತಾರೆ. ಯಜಮಾನರು ಹೂಂ ಅಂದಿಲ್ಲ, ಬೇಡವೆಂದೂ ಅಂದಿಲ್ಲ. ದಾಸೋಹದ ಪಂಕ್ತಿಯಲ್ಲಿ ನಾನು ಅವರ ನಡುವೆ ಕೂತಿರುತ್ತೇನೆ. ಬಂದು ಮಾತಾಡಿಸಿ. ಆ ಹುಡುಗಿಗೆ ನಮ್ಮ ಕಡೆಯ ಊಟ ಹೊಸದಂತೆ, ಖಾರ ಸ್ವಲ್ಪ ನೋಡಿ ಬಡಿಸಿ.