ಕ್ಯಾಪ್ಟನ್ ನೆಮೋ ಯಾವ ದೇಶದವನು?
ವಿಜ್ಞಾನ ಕಾದಂಬರಿಗಳ ರೂಪಾಂತರ ಮತ್ತು ಅಂತರಜಾಲ

ಟೆಲಿವಿಷನ್‌ಗಾಗಿ ಬರೆಯಬೇಕೆಂಬ ಹಂಬಲವಿರುವ ಯುವ ಲೇಖಕರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. "ಸಾರ್, ಹಳೆಯ ಸೈನ್ಸ್ ಫಿಕ್ಷನ್ ಕಾದಂಬರಿಗಳೆಲ್ಲ ಈಗ ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಒಂದನ್ನು ಕನ್ನಡಕ್ಕೆ ತಂದು ಧಾರಾವಾಹಿ ಮಾಡಿದರೆ ಆಗದೇ?" ಖಂಡಿತ ಆಗುತ್ತದೆ. ಅಡ್ಡಿಯೇನೂ ಇಲ್ಲ. ಆದರೆ ಹೀಗೆ ಬಿಟ್ಟಿಯಾಗಿ ಸಿಗುವುದು ಲೇಖಕ ಬರೆದ ಕಾದಂಬರಿಯೇ ಅಥವಾ ಮಧ್ಯದಲ್ಲಿ ಯಾರೋ ಕತ್ತರಿಯಾಡಿಸಿದ ಪ್ರತಿಯೇ ಎಂದು ನಾನು ತಿರುಗಿ ಕೇಳಿದರೆ ಹೆಚ್ಚಿನವರು ಮುಖ ನೋಡುತ್ತಾರೆ. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಇಂದು ಒಂದೇ ಒಂದು ಪಾತ್ರವನ್ನು ಮುಂದಿಟ್ಟುಕೊಂಡು ನೋಡೋಣ. ಆ ಪಾತ್ರ ಜೂಲ್ಸ್ ವರ್ನ್‌ನ ಕ್ಯಾಪ್ಟನ್ ನೆಮೋ.

ಈಗಿನ ಮಕ್ಕಳಿಗೆ ನೆಮೋ ಎಂದರೆ 2003ರಲ್ಲಿ ಬಂದ ಕಾರ್ಟೂನ್ ಚಿತ್ರದ ಕಿತ್ತಳೆ ಬಣ್ಣದ ಮೀನು. ಇರಲಿ, ಅದೂ ಸಮುದ್ರದ್ದೇ. ಸ್ವಲ್ಪ ಹಿರಿಯರಿಗೆ ನೆನಪಾಗುವುದು 1954ರ ಡಿಸ್ನಿ ಚಿತ್ರ. ಅದರಲ್ಲಿ ನಾಟಿಲಸ್ ಎಂಬ ಜಲಾಂತರ್ಗಾಮಿ ನೌಕೆಯ ಒಡೆಯನಾಗಿ ನಟಿಸಿದವರು ಇಂಗ್ಲಿಷ್ ನಟ ಜೇಮ್ಸ್ ಮೇಸನ್. ಗಡ್ಡ, ಕೋಟು, ಪಿಯಾನೋದಂಥ ವಾದ್ಯ, ಯೂರೋಪಿನ ಗಾಂಭೀರ್ಯ. ನಮ್ಮಲ್ಲಿಗೆ ಬರುವ ಸ್ಕ್ರಿಪ್ಟುಗಳಲ್ಲಿಯೂ ನೆಮೋ ಹೀಗೆಯೇ ಬಿಳಿಯ ಸಾಹೇಬನಾಗಿ ಬರುತ್ತಾನೆ.

ವರ್ನ್ ಬರೆದದ್ದು ಬೇರೆ. 1869-70ರಲ್ಲಿ ಪ್ರಕಟವಾದ 'ಸಾಗರದಡಿಯಲ್ಲಿ ಇಪ್ಪತ್ತು ಸಾವಿರ ಲೀಗುಗಳು' ಕಾದಂಬರಿಯಲ್ಲಿ ಆತ ನೆಮೋನ ದೇಶ ಯಾವುದೆಂದು ಹೇಳುವುದೇ ಇಲ್ಲ. ಆ ಹೆಸರಿಗೆ ಲ್ಯಾಟಿನ್‌ನಲ್ಲಿ 'ಯಾರೂ ಅಲ್ಲ' ಎಂದು ಅರ್ಥ. ಮೊದಲು ವರ್ನ್ ಅವನನ್ನು ರಷ್ಯದ ವಿರುದ್ಧ ಸೇಡು ತೀರಿಸಿಕೊಳ್ಳುವ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯದಲ್ಲಿ ಪುಸ್ತಕಗಳ ಮಾರಾಟ ನಿಂತುಹೋದೀತೆಂಬ ಅಂಜಿಕೆ ಅವನಿಗೆ. ಹೀಗಾಗಿ ದೇಶ ಗುಟ್ಟಾಗಿಯೇ ಉಳಿಯಿತು. ಆದರೂ ಸಿಂಹಳದ ಸಮುದ್ರದಲ್ಲಿ ಬಡ ಭಾರತೀಯ ಮುತ್ತುಗಾರನೊಬ್ಬನನ್ನು ಶಾರ್ಕ್ ಮೀನಿನ ಬಾಯಿಂದ ಬಿಡಿಸಿ, ಅವನ ಕೈಗೆ ಮುತ್ತಿನ ಚೀಲವನ್ನಿಟ್ಟ ನೆಮೋ, ತಾನೂ ಅವನಂತೆಯೇ ತುಳಿತಕ್ಕೊಳಗಾದವರ ನಾಡಿನವನು ಎಂಬ ಸುಳಿವು ಕೊಡುತ್ತಾನೆ.

ಗುಟ್ಟು ಬಯಲಾಗುವುದು 1874-75ರಲ್ಲಿ ಬಂದ 'ನಿಗೂಢ ದ್ವೀಪ' ಕಾದಂಬರಿಯ ಕೊನೆಯ ಭಾಗದಲ್ಲಿ. ಸಾಯುವ ಮುನ್ನ ನೆಮೋ ತನ್ನ ಕಥೆ ಹೇಳುತ್ತಾನೆ. ಅವನ ನಿಜವಾದ ಹೆಸರು ಡಕ್ಕರ್. ಬುಂದೇಲಖಂಡದ ರಾಜನ ಮಗ. ಟಿಪ್ಪು ಸುಲ್ತಾನನಿಗೆ ಸೋದರ ಸಂಬಂಧದ ಮಗ! ಹತ್ತು ವರ್ಷದವನಾಗಿದ್ದಾಗಲೇ ಯೂರೋಪಿಗೆ ಹೋಗಿ ವಿಜ್ಞಾನ ಕಲಿತವನು. ಮರಳಿ ಬಂದು 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ, ಹೆಂಡತಿ ಮಕ್ಕಳನ್ನೆಲ್ಲ ಕಳೆದುಕೊಂಡು ಸಮುದ್ರ ಸೇರಿದವನು. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರಲ್ಲಿ. ಬುಂದೇಲಖಂಡದ ಅರಮನೆಗೂ ಶ್ರೀರಂಗಪಟ್ಟಣಕ್ಕೂ ಅಂಥ ನೆಂಟಸ್ತಿಕೆ ಹೇಗೆ ಬಂತು, ವಯಸ್ಸು ಹೇಗೆ ಹೊಂದುತ್ತದೆ ಎಂದು ಇತಿಹಾಸ ಬಲ್ಲವರು ಕೇಳಿದರೆ ವರ್ನ್‌ನ ಬಳಿ ಉತ್ತರವಿಲ್ಲ. ಆದರೂ ಪ್ಯಾರಿಸ್ಸಿನ ಓದುಗರಿಗಾಗಿ ಬರೆದ ಒಬ್ಬ ಫ್ರೆಂಚ್ ಲೇಖಕ ತನ್ನ ನಾಯಕನಿಗೆ ಮೈಸೂರಿನ ನಂಟನ್ನು ಕಟ್ಟಿದ ಎಂಬುದು ನಾವು ಮರೆಯಬಹುದಾದ ಸಂಗತಿಯಲ್ಲ.

ಹಾಗಾದರೆ ನಾವು ಮರೆತದ್ದು ಹೇಗೆ? ಇಲ್ಲಿಯೇ ಅನುವಾದದ ಪ್ರಶ್ನೆ ಬರುತ್ತದೆ. 'ನಿಗೂಢ ದ್ವೀಪ'ವನ್ನು 1875ರಲ್ಲಿ ಇಂಗ್ಲಿಷಿಗೆ ತಂದದ್ದು ಕಿಂಗ್‌ಸ್ಟನ್ ಹೆಸರಿನ ಅನುವಾದ. ಇಂಗ್ಲಿಷ್ ಓದುಗರಿಗೆ ನೋವಾಗದಿರಲೆಂದು ನೆಮೋನ ಬ್ರಿಟಿಷ್ ವಿರೋಧಿ ಮಾತುಗಳನ್ನು ಅದರಲ್ಲಿ ತೊಳೆದು ಹಾಕಲಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷಿನಲ್ಲಿ ಬಹಳಷ್ಟು ಜನ ಓದಿದ್ದು ಈ ತೊಳೆದ ಪ್ರತಿಯನ್ನೇ. ಇಂದು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಅಂತರಜಾಲ ಗ್ರಂಥಾಲಯದಲ್ಲಿ 'ನಿಗೂಢ ದ್ವೀಪ' ಎಂದು ಹುಡುಕಿದರೆ ಇದೂ ಸಿಗುತ್ತದೆ, 1876ರ ಸ್ಟೀಫನ್ ವೈಟ್ ಅನುವಾದವೂ ಸಿಗುತ್ತದೆ. ವೈಟ್ ಕೆಲವು ಭಾಗಗಳನ್ನು ಸಂಕ್ಷೇಪಿಸಿದ್ದರೂ ನೆಮೋನ ಸಾವಿನ ದೃಶ್ಯವನ್ನು ಉಳಿಸಿಕೊಂಡಿದ್ದಾನೆ. ಎರಡನ್ನೂ ಗುರುತಿಸುವುದು ಸುಲಭ. ದ್ವೀಪದಲ್ಲಿ ಸಿಕ್ಕಿಬಿದ್ದವರ ಮುಂದಾಳು ಎಂಜಿನಿಯರನ ಹೆಸರನ್ನು ನೋಡಿ. ಮೂಲದಲ್ಲಿ ಅವನು ಸೈರಸ್ ಸ್ಮಿತ್. ನಿಮ್ಮ ಪ್ರತಿಯಲ್ಲಿ ಸೈರಸ್ ಹಾರ್ಡಿಂಗ್ ಎಂದಿದ್ದರೆ ಅದು ಕಿಂಗ್‌ಸ್ಟನ್ ಅನುವಾದ. ಅದನ್ನು ಬದಿಗಿಟ್ಟು ಇನ್ನೊಂದನ್ನು ಇಳಿಸಿಕೊಳ್ಳಿ.

ಮೊದಲ ಕಾದಂಬರಿಯ ಪಾಡೂ ಇದೇ. ಇಂಗ್ಲೆಂಡಿನಲ್ಲಿ 1870ರ ದಶಕದಲ್ಲಿ ಬಂದ ಮರ್ಸಿಯರ್ ಅನುವಾದದಲ್ಲಿ ಮೂಲದ ಹತ್ತಿರಹತ್ತಿರ ಕಾಲು ಭಾಗ ಮಾಯವಾಗಿದೆ. ಉಳಿದದ್ದರಲ್ಲಿಯೂ ಅಂಕಿಗಳು ಎಡವಟ್ಟಾಗಿವೆ. ನೌಕೆಯ ಉಕ್ಕಿನ ತಗಡುಗಳ ಸಾಂದ್ರತೆ ನೀರಿಗಿಂತಲೂ ಕಡಿಮೆ ಎಂದು ಅಲ್ಲಿ ಅಚ್ಚಾಗಿದೆ. ನಿಜವಾದ ಉಕ್ಕು ನೀರಿಗಿಂತ ಸುಮಾರು ಏಳೂವರೆಯಿಂದ ಎಂಟು ಪಟ್ಟು ಸಾಂದ್ರ. ವರ್ನ್ ಬರೆದದ್ದೂ ಅದನ್ನೇ. ಅನುವಾದಕ ದಶಮಾಂಶ ಬಿಂದುವನ್ನು ತಪ್ಪಾಗಿ ಇಟ್ಟ. ಅಂಥ ಉಕ್ಕಿನ ಚೂರನ್ನು ನೀರಿಗೆಸೆದರೆ ಬೆಂಡಿನಂತೆ ತೇಲಬೇಕಾಗುತ್ತದೆ. ಇದನ್ನೋದಿದ ಪೀಳಿಗೆಗಳು ವರ್ನ್‌ಗೆ ವಿಜ್ಞಾನ ಬರುವುದಿಲ್ಲ, ಅವನು ಮಕ್ಕಳ ಲೇಖಕ ಎಂದು ತೀರ್ಮಾನಿಸಿದವು. ವಾಸ್ತವವಾಗಿ ಸಮುದ್ರದ ನೀರಿನಿಂದ ಸೋಡಿಯಂ ತೆಗೆದು ವಿದ್ಯುತ್ ಕೋಶಗಳಿಗೆ ಬಳಸುವ ನೆಮೋನ ಯೋಜನೆಯನ್ನು ಆತ ರಸಾಯನಶಾಸ್ತ್ರದ ಪಾಠದಷ್ಟು ಶ್ರದ್ಧೆಯಿಂದ ವಿವರಿಸಿದ್ದಾನೆ. ಗುಟೆನ್‌ಬರ್ಗ್‌ನಲ್ಲಿಯೇ ಎಫ್. ಪಿ. ವಾಲ್ಟರ್ 1991ರಲ್ಲಿ ಮಾಡಿದ ಪೂರ್ಣ ಅನುವಾದವೂ ಇದೆ, ಅದನ್ನು ಬಳಸಬೇಕು. ಶೀರ್ಷಿಕೆಯ ಬಗ್ಗೆಯೂ ಒಂದು ಮಾತು. ಇಪ್ಪತ್ತು ಸಾವಿರ ಲೀಗು ಎಂಬುದು ಆಳವಲ್ಲ, ಕ್ರಮಿಸಿದ ದೂರ. ಫ್ರೆಂಚ್ ಲೀಗು 4 ಕಿಲೋಮೀಟರ್. ಒಟ್ಟು 80,000 ಕಿಲೋಮೀಟರ್, ಅಂದರೆ ಭೂಮಿಗೆ ಎರಡು ಸುತ್ತು.

ಫ್ರೆಂಚ್ ಬಾರದ ನಾವು ಮೂಲವನ್ನು ನೋಡುವುದು ಹೇಗೆ ಎಂದು ಕೇಳುವಿರಿ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ಎಂಬ ತಾಣದಲ್ಲಿ ಹಳೆಯ ಫ್ರೆಂಚ್ ಮುದ್ರಣಗಳು ಪುಟಪುಟವಾಗಿ ಸಿಗುತ್ತವೆ. ಅನುಮಾನ ಬಂದ ಒಂದು ಪುಟವನ್ನು ಯಂತ್ರಾನುವಾದಕ್ಕೆ ಕೊಟ್ಟು ಇಂಗ್ಲಿಷಿನೊಡನೆ ಹೋಲಿಸಿದರೆ ಏನನ್ನು ಬಿಟ್ಟಿದ್ದಾರೆಂಬುದು ತಿಳಿದುಹೋಗುತ್ತದೆ. ಯಂತ್ರಾನುವಾದದ ಉಪಯೋಗ ಅಷ್ಟಕ್ಕೇ. ಅದರಿಂದಲೇ ಕನ್ನಡ ಸಂಭಾಷಣೆ ತೆಗೆದು ಕಳಿಸುವವರಿದ್ದಾರೆ; ಮೊದಲ ಪುಟದಲ್ಲೇ ಗೊತ್ತಾಗುತ್ತದೆ, ಪಾತ್ರಗಳು ನೋಟೀಸು ಓದಿದಂತೆ ಮಾತನಾಡುತ್ತವೆ. ಆ ಮುದ್ರಣಗಳ ಚಿತ್ರಗಳನ್ನೂ ನೋಡಬೇಕು. 'ನಿಗೂಢ ದ್ವೀಪ'ಕ್ಕೆ ಫೆರಾ ಬರೆದವು, ಇನ್ನೊಂದಕ್ಕೆ ರಿಯೂ ಮತ್ತು ದ ನವಿಲ್ ಬರೆದವು. ಸೆಟ್ ಹಾಕುವ ಕಲಾ ನಿರ್ದೇಶಕರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಕಾದಂಬರಿಯ ನಾಟಿಲಸ್ 70 ಮೀಟರ್ ಉದ್ದದ, ಚುಟ್ಟದ ಆಕಾರದ ನುಣುಪಾದ ಕೊಳವೆ. ಗರಗಸದ ಹಲ್ಲುಗಳಿರುವ ಮೊಸಳೆಯಂಥ ನೌಕೆ ಡಿಸ್ನಿಯವರದು.

ಯಾವ ಕಥೆ ಯಾವಾಗ, ಎಲ್ಲಿ, ಯಾರ ಅನುವಾದದಲ್ಲಿ ಬಂತೆಂದು ತಿಳಿಯಲು 1995ರಿಂದ ಅಂತರಜಾಲದಲ್ಲಿರುವ ಇಂಟರ್‌ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್ ನೋಡಬಹುದು. ಲೇಖಕರ ಬಗ್ಗೆ ತೂಕದ ಮಾತು ಬೇಕಾದರೆ ಎನ್‌ಸೈಕ್ಲೋಪೀಡಿಯಾ ಆಫ್ ಸೈನ್ಸ್ ಫಿಕ್ಷನ್ ಇದೆ. 1979ರಲ್ಲಿ ಪುಸ್ತಕವಾಗಿ ಬಂದದ್ದು, 2011ರಿಂದ ಅಂತರಜಾಲದಲ್ಲಿ ಉಚಿತ. ಕನ್ನಡ ಪಾರಿಭಾಷಿಕ ಪದಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ತಾಣದಲ್ಲಿ ನಿಘಂಟುಗಳಿವೆ. ಆದರೆ ಹುಷಾರು. ನಿಘಂಟಿನಲ್ಲಿದೆಯೆಂದು 'ಜಲಾಂತರ್ಗಾಮಿ' ಎಂಬ ಪದವನ್ನು ಹಡಗಿನ ಖಲಾಸಿಯ ಬಾಯಲ್ಲಿ ಹೇಳಿಸಬೇಡಿ. ಅವನು 'ಈ ಹಡಗು' ಎಂದರೆ ಸಾಕು.

ಇನ್ನು ಕೃತಿಸ್ವಾಮ್ಯ. ಭಾರತದಲ್ಲಿ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ವರ್ನ್ ತೀರಿಕೊಂಡದ್ದು 1905ರಲ್ಲಿ, ತೊಂದರೆಯಿಲ್ಲ. ಎಚ್. ಜಿ. ವೆಲ್ಸ್ 1946ರಲ್ಲಿ, ಅವನ ಕೃತಿಗಳು ಇಲ್ಲಿ 2007ರಿಂದ ಮುಕ್ತ. ಅಸಿಮೋವ್ 1992ರಲ್ಲಿ ತೀರಿಕೊಂಡರು; 2052 ಮುಗಿಯುವವರೆಗೆ ಅನುಮತಿ ಬೇಕು. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟಣೆಯಿಂದ 95 ವರ್ಷ. ಗುಟೆನ್‌ಬರ್ಗ್ ನಡೆಯುವುದು ಅಮೆರಿಕದ ಕಾನೂನಿನಂತೆ. ಆದ್ದರಿಂದ ಅಲ್ಲಿ ಸಿಕ್ಕಿದ್ದೆಲ್ಲ ಇಲ್ಲಿ ಮುಕ್ತವೆಂದು ತಿಳಿಯಬಾರದು. ಅಗಾಥಾ ಕ್ರಿಸ್ಟಿಯ 1920ರ ಮೊದಲ ಕಾದಂಬರಿ ಅಲ್ಲಿ ಮುಕ್ತ. ಆದರೆ ಆಕೆ ತೀರಿಕೊಂಡದ್ದು 1976ರಲ್ಲಿ, ಹೀಗಾಗಿ ಇಲ್ಲಿ 2036ರ ಕೊನೆಯವರೆಗೆ ಹಕ್ಕಿದೆ. ಅನುವಾದಕನಿಗೂ ಅವನದೇ ಹಕ್ಕು ಉಂಟು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ವರ್ನ್ ಮುಕ್ತ, ಆದರೆ 2001ರಲ್ಲಿ ಬಂದ ಹೊಸ ಅನುವಾದಗಳು ಮುಕ್ತವಲ್ಲ. ಅವುಗಳನ್ನು ಓದಿ ತಿಳಿದುಕೊಳ್ಳಿ, ವಾಕ್ಯಗಳನ್ನು ಎತ್ತಿಕೊಳ್ಳಬೇಡಿ. ಸಿನಿಮಾದವರು ಕಟ್ಟಿದ ಕಲ್ಪನೆಗಳಿಗೂ ಇದೇ ಮಾತು. 2024ರ 'ನಾಟಿಲಸ್' ಧಾರಾವಾಹಿಯಲ್ಲಿ ನೆಮೋ ಭಾರತದ ರಾಜಕುಮಾರನೇ, ಸಂತೋಷ. ಆದರೆ ಅವನು ಈಸ್ಟ್ ಇಂಡಿಯಾ ಕಂಪನಿಯ ಸೆರೆಯಿಂದ ನೌಕೆಯೊಡನೆ ಪರಾರಿಯಾಗುವುದು ಆ ನಿರ್ಮಾಪಕರ ಕಥೆ, ವರ್ನ್‌ನದಲ್ಲ. ಇದಕ್ಕೆ ಪ್ರತಿಯಾಗಿ 1916ರ ಮೂಕಿ ಚಿತ್ರವನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ನೋಡಿ. ಎರಡು ಕಾದಂಬರಿಗಳನ್ನೂ ಬೆರೆಸಿದ ಆ ಚಿತ್ರದಲ್ಲಿಯೂ ನೆಮೋ ಭಾರತೀಯನೇ. ಅಂದರೆ 1954ರ ಹೊತ್ತಿಗೆ ಹಾಲಿವುಡ್ ತಾನೇ ಹಿಂದೆ ಹೇಳಿದ್ದನ್ನು ಮರೆತಿತ್ತು.

"ಅಷ್ಟೆಲ್ಲ ಸರಿ, ಸಮುದ್ರವನ್ನು ಸ್ಟುಡಿಯೋಗೆ ತರುವುದು ಹೇಗೆ?" ಇದು ನಿರ್ಮಾಪಕನ ಪ್ರಶ್ನೆ, ನನಗೂ ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ. 1938ರ ಫೆಬ್ರವರಿ 11ರಂದು ಬಿಬಿಸಿ ಚೆಕ್ ಲೇಖಕ ಚಾಪೆಕ್‌ನ ಯಂತ್ರಮಾನವರ ನಾಟಕದ ಸುಮಾರು 35 ನಿಮಿಷಗಳ ಭಾಗವನ್ನು ಪ್ರಸಾರ ಮಾಡಿತು. ಟೆಲಿವಿಷನ್‌ನ ಮೊತ್ತಮೊದಲ ವಿಜ್ಞಾನ ಕಥೆ ಅದು ಎನ್ನುತ್ತಾರೆ. ಸಣ್ಣ ಸ್ಟುಡಿಯೋ, ನೇರ ಪ್ರಸಾರ, ಧ್ವನಿಮುದ್ರಣವೂ ಚಿತ್ರಮುದ್ರಣವೂ ಇಲ್ಲ. 1954ರ ಡಿಸೆಂಬರಿನಲ್ಲಿ ಆರ್ವೆಲ್‌ನ 'ನೈನ್‌ಟೀನ್ ಎಯ್ಟಿ-ಫೋರ್' ಕೂಡ ಹೀಗೆಯೇ ನೇರವಾಗಿ ಬಂತು. ಅವರು ನಂಬಿದ್ದು ಮುಖಗಳನ್ನು ಮತ್ತು ಮಾತನ್ನು.

'ನಿಗೂಢ ದ್ವೀಪ' ನಮಗೆ ಇನ್ನೂ ಅನುಕೂಲ. ಕಾದಂಬರಿಯ ಬಹುಪಾಲು ನೆಮೋ ಕಾಣಿಸುವುದೇ ಇಲ್ಲ! ದಡದಲ್ಲಿ ಉಪಕರಣಗಳ ಪೆಟ್ಟಿಗೆಯೊಂದು ಸಿಗುತ್ತದೆ. ಬಂದೂಕೇ ಇಲ್ಲದ ದ್ವೀಪದಲ್ಲಿ ಬೇಯಿಸಿದ ಮಾಂಸದೊಳಗೆ ಸೀಸದ ಗುಂಡು ಹಲ್ಲಿಗೆ ತಾಗುತ್ತದೆ. ಹುಡುಗ ಜ್ವರದಿಂದ ಸಾಯುವ ಸ್ಥಿತಿಯಲ್ಲಿರುವಾಗ ಹಾಸಿಗೆಯ ಪಕ್ಕ ಕ್ವಿನೈನ್ ಡಬ್ಬಿ ಇರುತ್ತದೆ. ಯಾರು ತಂದಿಟ್ಟರು? ಪೆಟ್ಟಿಗೆ, ಗುಂಡು, ಡಬ್ಬಿ: ಇವಕ್ಕೆ ಎಷ್ಟು ಖರ್ಚಾದೀತು? ಕೊನೆಗೆ ಗುಹೆಯೊಳಗೆ ಸಿಕ್ಕಿಕೊಂಡ ನೌಕೆಯ ಒಂದು ಕೋಣೆ, ಮಂಚದ ಮೇಲೆ ಮುದುಕನೊಬ್ಬ, ಸುತ್ತ ನಿಂತ ಐದಾರು ಜನ. ಇಡೀ ಕಥೆಯ ಜೀವ ಈ ಒಂದು ಕೋಣೆಯಲ್ಲಿದೆ.

ಆ ಕೋಣೆಯಲ್ಲಿ ನೆಮೋನನ್ನು ಬರೀ ದೇಶಭಕ್ತನನ್ನಾಗಿ ಮಾಡಿಬಿಡುವ ಆಸೆ ನಮಗೆ ಬರುವುದು ಸಹಜ. ತಡೆದುಕೊಳ್ಳಬೇಕು. ಅವನು ಹಡಗುಗಳನ್ನು ನಾವಿಕರ ಸಮೇತ ಮುಳುಗಿಸಿದವನು, ಅದು ಸರಿಯೇ ತಪ್ಪೇ ಎಂದು ಸಾಯುವಾಗ ತಾನೇ ಕೇಳುವವನು. ಎಂಜಿನಿಯರ್ ಸ್ಮಿತ್ ಅವನನ್ನು ಹೊಗಳುವುದಿಲ್ಲ. ಹೋದ ಕಾಲವನ್ನು ಮರಳಿ ತರಬಹುದೆಂದು ನಂಬಿದ್ದೇ ನಿಮ್ಮ ತಪ್ಪು ಎಂದು ಮುಖಕ್ಕೇ ಹೇಳುತ್ತಾನೆ. ವಸಾಹತುಶಾಹಿಯನ್ನು ಪ್ರಗತಿಯೆಂದು ಕರೆಯುವ ಆ ಮಾತಿಗೆ ನಮ್ಮ ವೀಕ್ಷಕರು ಇಂದು ಏನೆನ್ನುತ್ತಾರೋ! ಅದಕ್ಕಾಗಿಯೇ ಅದನ್ನು ಬಿಡಬಾರದು.

ಇನ್ನೊಂದು ಸಂಗತಿ. ವರ್ನ್‌ನ ಹಸ್ತಪ್ರತಿಯಲ್ಲಿ ಸಾಯುವ ನೆಮೋನ ಕೊನೆಯ ಮಾತು 'ಸ್ವಾತಂತ್ರ್ಯ' ಎಂಬ ಅರ್ಥದ ಒಂದೇ ಪದ. ಅಚ್ಚಾದ ಪುಸ್ತಕದಲ್ಲಿ ಅದು ದೇವರನ್ನೂ ತಾಯ್ನಾಡನ್ನೂ ನೆನೆಯುವ ಮಾತಾಗಿ ಬದಲಾಯಿತು. ಅದೂ ಹೆಟ್ಜೆಲ್‌ನ ಕೈವಾಡವೇ. ನೀವು ಈ ಕಾದಂಬರಿಯನ್ನು ಕನ್ನಡಕ್ಕೆ ತರುವುದಾದರೆ ಎರಡರಲ್ಲಿ ಯಾವುದನ್ನು ಇಟ್ಟುಕೊಂಡಿದ್ದೀರಿ, ಯಾರ ಅನುವಾದವನ್ನು ಆಧರಿಸಿದ್ದೀರಿ ಎಂಬ ಎರಡು ಸಾಲನ್ನು ಸ್ಕ್ರಿಪ್ಟಿನ ಮೊದಲ ಪುಟದ ಮೇಲೆಯೇ ಬರೆದು ಕಳಿಸಿ.