ಸರಳು ಎಷ್ಟು, ಸಂದು ಎಷ್ಟು?

ಮನೆ ಕಟ್ಟಿಸುವವರ ಗಮನವೆಲ್ಲ ಮೊದಲು ತಳಪಾಯದ ಕಡೆಗೆ, ಆಮೇಲೆ ಬಾಗಿಲುವಾಡದ ಕಡೆಗೆ ಹೋಗುತ್ತದೆ. ಉಪ್ಪರಿಗೆಯ ಬಾಲ್ಕನಿಗೋ ಎತ್ತರದ ಜಗಲಿಗೋ ಕಟಕಟೆ ಕೂರಿಸುವ ಹೊತ್ತು ಬರುವಾಗ ಕೈಯಲ್ಲಿದ್ದ ಹಣ ಕರಗಿರುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರವಾಗಿರುತ್ತದೆ. "ಹೇಗಾದರೂ ಮುಗಿಸಪ್ಪ" ಎಂಬ ಒಂದೇ ಮಾತಿನಲ್ಲಿ ಆ ಕೆಲಸ ತೀರಿಹೋಗುತ್ತದೆ. ಆದರೆ ಮುಂದೆ ಎಷ್ಟೋ ವರ್ಷ ಮನೆಯ ಮಕ್ಕಳು ಮೊಮ್ಮಕ್ಕಳು ಹಿಡಿದು ನಿಂತು ಬೀದಿ ನೋಡುವುದು ಆ ಕಟಕಟೆಯನ್ನು ನಂಬಿ. ಅದರ ಸರಳುಗಳನ್ನು ಸಮನಾದ ಅಂತರದಲ್ಲಿ, ಮಗುವಿಗೆ ಅಪಾಯವಾಗದ ಅಂತರದಲ್ಲಿ, ನಿಲ್ಲಿಸುವುದು ಹೇಗೆಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಕನ್ನಡ ಪಂಡಿತನಿಗೆ ಬಡಗಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಪದಗಳ ಬೆನ್ನು ಹತ್ತಿ ಹೋದವನು ಒಂದಲ್ಲ ಒಂದು ದಿನ ಕಸುಬುದಾರನ ಮನೆಯ ಮುಂದೆಯೇ ನಿಲ್ಲುತ್ತಾನೆ. ಕಟಕಟೆಯ ಸರಳಿಗೆ ಇಂಗ್ಲಿಷಿನಲ್ಲಿ ಬ್ಯಾಲಸ್ಟರ್ ಎನ್ನುತ್ತಾರೆ. ಇಟಲಿಯ ಭಾಷೆಯಿಂದ ಬಂದ ಈ ಮಾತಿನ ಮೂಲವನ್ನು ಹುಡುಕಿದರೆ, ಗ್ರೀಕ್ ಭಾಷೆಯಲ್ಲಿ ಕಾಡುದಾಳಿಂಬೆಯ ಹೂವಿಗಿದ್ದ ಹೆಸರು ಸಿಕ್ಕುತ್ತದೆ. ಕಡೆದ ಸರಳಿನ ಉಬ್ಬಿನಲ್ಲಿ ಆ ಹೂವಿನ ಆಕಾರವನ್ನು ಕಂಡವರು ಇಟ್ಟ ಹೆಸರು ಅದು. ನಮ್ಮ ದೇಶದ ಮಾತಿಗೆ ಬಂದರೆ, ಸಾಂಚಿಯ ಸ್ತೂಪದ ಸುತ್ತ ಎರಡು ಸಾವಿರ ವರ್ಷಗಳಿಂದ ನಿಂತಿರುವ ಕಲ್ಲಿನ ಕಟಕಟೆಗೆ ವೇದಿಕೆ ಎಂದು ಹೆಸರು. ಕಂಬದಿಂದ ಕಂಬಕ್ಕೆ ಅಡ್ಡಲಾಗಿ ತೂರಿಸಿದ ಕಲ್ಲು ಸೂಚಿ, ಎಂದರೆ ಸೂಜಿ. ತಲೆಯ ಮೇಲೆ ಕೂತ ಕಲ್ಲು ಉಷ್ಣೀಷ, ಎಂದರೆ ರುಮಾಲು. ಕಲ್ಲಿನ ಕೆಲಸವಾದರೂ ಅದರ ಜೋಡಣೆಯೆಲ್ಲ ಮರಗೆಲಸದ ಮಾದರಿಯದೇ. ಕಲ್ಲುಕುಟಿಗನೂ ಬಡಗಿಯಿಂದಲೇ ಪಾಠ ಕಲಿತನೆಂದಾಯಿತು.

ಈಗ ನಮ್ಮ ಬಾಲ್ಕನಿಗೆ ಬರೋಣ. ಎರಡು ಸರಳುಗಳ ನಡುವೆ ಬಿಡುವ ಜಾಗಕ್ಕೆ ಸಂದು ಎನ್ನೋಣ. ಈ ಸಂದು ಎಷ್ಟಿರಬೇಕು? ಅಮೆರಿಕದಲ್ಲಿ ಬಳಕೆಯಲ್ಲಿರುವ ಮನೆಕಟ್ಟುವ ನಿಯಮ ನಾಲ್ಕು ಅಂಗುಲ ಎನ್ನುತ್ತದೆ, ಇಂಗ್ಲೆಂಡಿನದು 100 ಮಿಲಿಮೀಟರ್ ಎನ್ನುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ. ಅಷ್ಟು ಅಡ್ಡಳತೆಯ ಗುಂಡು ಕಟಕಟೆಯ ಯಾವ ಸಂದಿನಲ್ಲಿಯೂ ತೂರಬಾರದು ಎಂಬುದು ಅವುಗಳ ತಾತ್ಪರ್ಯ. ಇದು ಕೂಸಿನ ಮೈಯಳತೆಯನ್ನು ನೋಡಿ ಇಟ್ಟ ಲೆಕ್ಕ. ಚಿಕ್ಕ ಮಗುವಿಗೆ ಮೈಗಿಂತ ತಲೆ ದೊಡ್ಡದು. ಅಂಬೆಗಾಲಿಡುವ ಕೂಸು ಕಾಲನ್ನು ಮುಂದೆ ಮಾಡಿ ಅಗಲವಾದ ಸಂದಿನಲ್ಲಿ ಜಾರಿದರೆ ಸೊಂಟವೂ ಎದೆಯೂ ಆಚೆಗೆ ಹೋಗಿ, ತಲೆ ಮಾತ್ರ ಈಚೆಗೆ ಸಿಕ್ಕಿಕೊಳ್ಳುತ್ತದೆ. ಆಗ ಕೂಸಿನ ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ಸಂದು ಇನ್ನೂ ಅಗಲವಾಗಿದ್ದರೆ ಏನಾದೀತೆಂದು ಹೇಳಬೇಕಾಗಿಲ್ಲ. ಆದುದರಿಂದ ನಾಲ್ಕು ಅಂಗುಲವನ್ನು ನಾವು ದಾಟದ ಗೆರೆ ಎಂದು ಇಟ್ಟುಕೊಳ್ಳೋಣ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಲ್ಕನಿಯ ಎರಡು ಕೊನೆಯ ಕಂಬಗಳ ನಡುವೆ ಆರು ಅಡಿ, ಎಂದರೆ 72 ಅಂಗುಲ ಜಾಗವಿದೆ. ಸರಳುಗಳು ಮರದವು, ಒಂದೊಂದರ ದಪ್ಪ ಒಂದೂವರೆ ಅಂಗುಲ. ಅವಸರದ ಕೆಲಸಗಾರ ಏನು ಮಾಡುತ್ತಾನೆ? ಎಡಗಡೆಯ ಕಂಬದಿಂದ ಹೊರಟು ನಾಲ್ಕಂಗುಲ ಬಿಟ್ಟು ಒಂದು ಸರಳು, ಮತ್ತೆ ನಾಲ್ಕಂಗುಲ ಬಿಟ್ಟು ಇನ್ನೊಂದು, ಹೀಗೆ ನಿಲ್ಲಿಸುತ್ತ ಹೋಗುತ್ತಾನೆ. ಒಂದು ಸಂದು, ಒಂದು ಸರಳು ಸೇರಿ ಐದೂವರೆ ಅಂಗುಲ. ಹನ್ನೆರಡು ಸರಳು ನಿಲ್ಲಿಸುವ ಹೊತ್ತಿಗೆ 66 ಅಂಗುಲ ಮುಗಿಯುತ್ತದೆ. ಉಳಿಯುವುದು 6 ಅಂಗುಲ. ಅದನ್ನು ಹಾಗೆಯೇ ಬಿಟ್ಟರೆ ಕೂಸು ನುಸುಳುವ ಕಿಂಡಿ. ನಾಲ್ಕಂಗುಲ ಬಿಟ್ಟು ಹದಿಮೂರನೆಯ ಸರಳನ್ನು ಕೂರಿಸಿದರೆ ಬಲಗಂಬಕ್ಕೂ ಅದಕ್ಕೂ ನಡುವೆ ಉಳಿಯುವುದು ಅರ್ಧ ಅಂಗುಲ. ಬೀದಿಯಲ್ಲಿ ಹೋಗುವವರ ಕಣ್ಣು ನೇರವಾಗಿ ಹೋಗಿ ನಿಲ್ಲುವುದು ಆ ಮೂಲೆಯಲ್ಲಿಯೇ. ಉಳಿದ ಸಂದುಗಳೆಲ್ಲ ಸರಿಯಾಗಿದ್ದರೂ ಹಾಡಿನ ಕೊನೆಯಲ್ಲಿ ತಾಳ ತಪ್ಪಿದ ಹಾಗೆ.

ಒಂದು ಕೊನೆಯಿಂದ ಹೊರಟವನಿಗೆ ಇನ್ನೊಂದು ಕೊನೆಯಲ್ಲಿ ಏನು ಉಳಿಯುತ್ತದೆಂದು ಮೊದಲೇ ತಿಳಿಯುವುದಿಲ್ಲ. ಆದುದರಿಂದ ಉಳಿಕೆಯನ್ನು ಮೊದಲು ಕಂಡುಹಿಡಿದು, ಅದನ್ನು ಎಲ್ಲ ಸಂದುಗಳಿಗೂ ಸಮನಾಗಿ ಹಂಚಬೇಕು. ಇದಕ್ಕೆ ಬೇಕಾದುದು ಕೂಡುವುದು, ಕಳೆಯುವುದು, ಭಾಗಿಸುವುದು, ಇಷ್ಟೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದ. ಲೆಕ್ಕವೆಂಬುದು ನಿತ್ಯದ ಬಾಳಿಗೆ ಒದಗಬೇಕೆಂಬುದನ್ನು ಆ ಹೆಸರೇ ಸಾರುತ್ತದೆ.

ಮೊದಲನೆಯ ಹೆಜ್ಜೆ, ಸರಳು ಎಷ್ಟೆಂದು ಗೊತ್ತುಮಾಡುವುದು. ಇಲ್ಲಿಯೇ ಹಲವರು ಎಡವುತ್ತಾರೆ. ತರಗತಿಯಲ್ಲಿ ಹುಡುಗರಿಗೆ, "ಎರಡು ಗೋಡೆಗಳ ನಡುವೆ ಮೂರು ಗಿಡ ನೆಟ್ಟರೆ ಖಾಲಿ ಜಾಗ ಎಷ್ಟು?" ಎಂದು ಕೇಳಿದರೆ ಅರ್ಧ ತರಗತಿ "ಮೂರು" ಎನ್ನುತ್ತದೆ. ಬೆರಳು ಮಡಿಸಿ ಎಣಿಸಿದ ಮೇಲೆ "ನಾಲ್ಕು ಸಾರ್" ಎನ್ನುತ್ತದೆ. ಎರಡು ಕಂಬಗಳ ನಡುವೆ ಸರಳುಗಳು ಎಷ್ಟಿದ್ದರೂ ಸಂದುಗಳು ಅದಕ್ಕಿಂತ ಒಂದು ಹೆಚ್ಚು. ಈ ಒಂದನ್ನು ಮರೆತರೆ ಲೆಕ್ಕವೆಲ್ಲ ಕೆಡುತ್ತದೆ.

"ಹನ್ನೆರಡು ಸರಳು ಸಾಲದೆ ಆಚಾರ್ರೆ? ಒಂದರ ದುಡ್ಡು ಉಳಿದೀತು" ಎಂದು ಯಜಮಾನರು ಕೇಳಬಹುದು. ನೋಡೋಣ. ಹನ್ನೆರಡು ಸರಳುಗಳ ದಪ್ಪ ಒಟ್ಟು 18 ಅಂಗುಲ. 72ರಲ್ಲಿ 18 ಕಳೆದರೆ 54. ಸಂದುಗಳು ಹದಿಮೂರು. 54ನ್ನು ಹದಿಮೂರರಿಂದ ಭಾಗಿಸಿದರೆ ಒಂದು ಸಂದಿಗೆ ನಾಲ್ಕು ಅಂಗುಲಕ್ಕಿಂತ ತುಸು ಹೆಚ್ಚು ಬರುತ್ತದೆ. ಗೆರೆ ದಾಟಿತು, ಹನ್ನೆರಡು ಸಾಲದು. ಹದಿಮೂರು ಸರಳು ಹಿಡಿದರೆ ಅವುಗಳ ದಪ್ಪ 19½ ಅಂಗುಲ. 72ರಲ್ಲಿ ಅದನ್ನು ಕಳೆದರೆ 52½. ಸಂದುಗಳು ಹದಿನಾಲ್ಕು. ಭಾಗಿಸಿದರೆ ಒಂದೊಂದು ಸಂದಿಗೂ ಸರಿಯಾಗಿ 3¾ ಅಂಗುಲ. ಎಡತುದಿಯಲ್ಲಿಯೂ ಅಷ್ಟೆ, ಬಲತುದಿಯಲ್ಲಿಯೂ ಅಷ್ಟೆ, ನಡುವೆಯೂ ಅಷ್ಟೆ. ಹದಿನಾಲ್ಕರ ಬದಲು ಹದಿಮೂರರಿಂದ ಭಾಗಿಸಿಬಿಟ್ಟಿದ್ದರೆ? ಸಂದು ನಾಲ್ಕಂಗುಲ ಮೀರುತ್ತಿತ್ತು. ಜೊತೆಗೆ ಕೊನೆಯ ಸರಳು ಬಲಗಂಬಕ್ಕೆ ಒರಗಿಕೊಂಡು ನಿಲ್ಲುತ್ತಿತ್ತು.

ತಾಳೆ ನೋಡುವುದಕ್ಕೆ ಒಂದು ಸುಲಭವಾದ ದಾರಿಯಿದೆ. ಕಂಬಗಳ ನಡುವಣ ಉದ್ದಕ್ಕೆ ಒಂದು ಸರಳಿನ ದಪ್ಪವನ್ನು ಕೂಡಿಸಿ, ಸಂದುಗಳ ಸಂಖ್ಯೆಯಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 73½ನ್ನು 14ರಿಂದ ಭಾಗಿಸಿದರೆ 5¼ ಅಂಗುಲ. ಇದು ಒಂದು ಸರಳಿನ ನಡುಗೆರೆಯಿಂದ ಮುಂದಿನ ಸರಳಿನ ನಡುಗೆರೆಗೆ ಇರುವ ದೂರ. ಮೊದಲನೆಯ ನಡುಗೆರೆ ಮಾತ್ರ ಕಂಬದಿಂದ 4½ ಅಂಗುಲಕ್ಕೆ ಬರುತ್ತದೆ: ಒಂದು ಸಂದು, ಅರ್ಧ ಸರಳು. ಕೊನೆಯದು 67½ಕ್ಕೆ ಬಿದ್ದು, ಬಲಗಂಬಕ್ಕೆ ಮತ್ತೆ 4½ ಉಳಿದರೆ ಲೆಕ್ಕ ಸರಿಯೆಂದು ತಿಳಿಯಿರಿ. ಮಿಲಿಮೀಟರಿನಲ್ಲಿ ಅಳೆಯುವವರಿಗೂ ಕ್ರಮ ಇದೇ.

ಲೆಕ್ಕ ಸರಿಯಾದರೆ ಸಾಲದು, ಗುರುತು ಹಾಕುವ ಕ್ರಮವೂ ಸರಿಯಾಗಬೇಕು. ಒಂದು ಗುರುತಿನಿಂದ ಇನ್ನೊಂದಕ್ಕೆ ಅಡಿಕೋಲನ್ನು ಸರಿಸುತ್ತ ಅಳೆದರೆ ಪ್ರತಿ ಸಲವೂ ಒಂದಿಷ್ಟು ತಪ್ಪು ಸೇರುತ್ತದೆ. ಬಡಗಿಗಳ ಮಾತಿನಲ್ಲಿ ನೂಲು ಎಂದರೆ ಅಂಗುಲದ ಎಂಟನೆಯ ಒಂದು ಪಾಲು. ಸಲಕ್ಕೆ ಅರ್ಧ ನೂಲಿನಷ್ಟೇ ತಪ್ಪಿದರೂ, ಅದು ಒಂದೇ ಕಡೆಗೆ ವಾಲುತ್ತ ಹೋದರೆ ಹದಿಮೂರನೆಯ ಸರಳಿಗೆ ಬರುವಾಗ ಮುಕ್ಕಾಲು ಅಂಗುಲವನ್ನು ಮೀರುತ್ತದೆ. ಆದುದರಿಂದ ಟೇಪನ್ನು ಎಡಗಂಬದಿಂದ ಒಮ್ಮೆ ಎಳೆದು ಕಟ್ಟಿ, ಅದನ್ನು ಕದಲಿಸದೆ 4½, 9¾, 15, 20¼ ಎಂದು ಎಲ್ಲ ಗುರುತುಗಳನ್ನೂ ಒಂದೇ ಮೊದಲಿನಿಂದ ಹಾಕಬೇಕು.

ಮೇಲಿನ ಹಿಡಿಪಟ್ಟಿಗೂ ಕೆಳಗಿನ ಪಟ್ಟಿಗೂ ಬೇರೆಬೇರೆಯಾಗಿ ಅಳೆಯಕೂಡದು. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕದಲ್ಲಿ ಮಲಗಿಸಿ, ತುದಿಗಳನ್ನು ಸರಿಹೊಂದಿಸಿ, ಮೂಲೆಮಟ್ಟ ಹಿಡಿದು ಎರಡಕ್ಕೂ ಒಂದೇ ಗೆರೆ ಎಳೆಯಬೇಕು. ಆಗ ಸರಳುಗಳು ಒರಗದೆ ನೆಟ್ಟಗೆ ನಿಲ್ಲುತ್ತವೆ. 3¾ ಅಂಗುಲ ಅಗಲದ ಒಂದು ಮರದ ತುಂಡನ್ನು ಕತ್ತರಿಸಿಟ್ಟುಕೊಂಡು, ಮೊಳೆ ಹೊಡೆಯುವ ಮುಂಚೆ ಒಂದೊಂದು ಸಂದಿನಲ್ಲಿಯೂ ಮೇಲೆ ಕೆಳಗೆ ಇಟ್ಟು ನೋಡುವುದು ಒಳ್ಳೆಯ ಪದ್ಧತಿ.

ಇನ್ನು ಕೆಲವು ಎಚ್ಚರಿಕೆಯ ಮಾತುಗಳು. ಮೆಟ್ಟಿಲಿನ ಕಟಕಟೆ ಓರೆಯಾಗಿ ಏರುತ್ತದೆ, ಸರಳುಗಳು ಮಾತ್ರ ನೇರವಾಗಿ ನಿಲ್ಲುತ್ತವೆ. ಅಲ್ಲಿ ಉದ್ದವನ್ನೂ ಸಂದನ್ನೂ ನೆಲಕ್ಕೆ ಸಮನಾಗಿ ಅಳೆದು ಲೆಕ್ಕ ಹಾಕಬೇಕು. ಓರೆಯ ಪಟ್ಟಿಯ ಮೇಲಿನ ಅಳತೆ ಅದಕ್ಕಿಂತ ಉದ್ದವಾಗಿರುತ್ತದೆ, ಎರಡನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ. ಬಾಲ್ಕನಿಯ ಕೆಳಪಟ್ಟಿಗೂ ನೆಲಕ್ಕೂ ನಡುವೆ ಬಿಡುವ ಜಾಗವೂ ಒಂದು ಸಂದೇ. ಅದೂ ನಾಲ್ಕಂಗುಲ ಮುಟ್ಟಬಾರದು. ಅಡ್ಡ ಸರಳುಗಳ ಕಟಕಟೆ ನೋಡುವುದಕ್ಕೆ ಚೆಂದವೆಂದು ಈಗ ಹಲವರು ಹಾಕಿಸುತ್ತಾರೆ. ತುಂಟ ಹುಡುಗನಿಗೆ ಅದು ಏಣಿ. ಮಕ್ಕಳಿರುವ ಮನೆಗೆ ನಿಂತ ಸರಳುಗಳೇ ವಾಸಿ. ಕಟಕಟೆಯ ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚಿರಲಿ. ಅದರ ಪಕ್ಕದಲ್ಲಿ ಕುರ್ಚಿಯನ್ನಾಗಲಿ ಹೂಕುಂಡವನ್ನಾಗಲಿ ಇಟ್ಟರೆ ಅಷ್ಟು ಎತ್ತರವೂ ಕಡಿಮೆಯಾಯಿತೆಂದೇ ಲೆಕ್ಕ.

ಕಬ್ಬಿಣದ ಸರಳಿಗೂ ಕಡೆದ ಮರದ ಸರಳಿಗೂ ಲೆಕ್ಕ ಒಂದೇ. ದಪ್ಪ ಮಾತ್ರ ಬೇರೆ. ಹೂವಿನಾಕಾರದ ಕಡೆತವಿರುವ ಸರಳಾದರೆ ಕುತ್ತಿಗೆಯ ಬಳಿ ಅದು ಸಣ್ಣಗಾಗಿರುತ್ತದೆ. ಸಂದು ಅತ್ಯಂತ ಅಗಲವಾಗುವುದು ಅಲ್ಲಿಯೇ. ನಾಲ್ಕಂಗುಲದ ಗೆರೆಯನ್ನು ಆ ಜಾಗಕ್ಕೆ ಹಿಡಿದು ನೋಡಬೇಕೇ ಹೊರತು ಉಬ್ಬಿದ ಜಾಗಕ್ಕಲ್ಲ.

ಕೆಲಸ ಮುಗಿದ ದಿನ, ಕಡೆಯ ಕಂತಿನ ಹಣ ಕೊಡುವ ಮುಂಚೆ, ಒಂದು ಪರೀಕ್ಷೆ ಮಾಡಿ. ಉದ್ದ, ಅಗಲ, ಎತ್ತರ ಮೂರೂ ನಾಲ್ಕು ಅಂಗುಲವಿರುವ ರಟ್ಟಿನ ಪೆಟ್ಟಿಗೆಯೊಂದನ್ನು ನಿಮ್ಮ ಮಕ್ಕಳ ಕೈಯಲ್ಲಿಯೇ ಮಾಡಿಸಿ, ಒಂದೊಂದು ಸಂದಿಗೂ ಹಿಡಿದು ತಳ್ಳಿ ನೋಡಲು ಹೇಳಿ. ಎಲ್ಲಿಯೂ ತೂರದಿದ್ದರೆ ಆಚಾರ್ರಿಗೆ ತಾಂಬೂಲದೊಡನೆ ಹಣ ಕೊಡಿ. ಒಂದು ಕಡೆ ತೂರಿದರೂ ಆ ಸರಳನ್ನು ಬಿಚ್ಚಿ ಕಟ್ಟಿಸಿ. ಅಂದಿನ ಒಂದು ಗಂಟೆಯ ಕೆಲಸಕ್ಕೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.