ಸೂಲಗಿತ್ತಿಯ ಕೈಗೆ ಓದಿನ ಬಲ
(ರಾಜಗೋಪಾಲನಗರದಲ್ಲಿ ವಿದ್ಯಾರ್ಥಿಗಳು ಮತ್ತು ಹಾಸ್ಟೆಲ್ ಯುವಜನರ ಮುಂದೆ ಆಡಿದ ಮಾತು)



ಬೆಳಗಾದರೆ ಈ ರಾಜಗೋಪಾಲನಗರದ ರಸ್ತೆಗಳಲ್ಲಿ ಪೀಣ್ಯದ ಗಾರ್ಮೆಂಟ್ಸಿಗೆ ನಡೆದು ಹೋಗುವ ಹೆಣ್ಣುಮಕ್ಕಳನ್ನು ನೀವು ನೋಡಿದ್ದೀರಿ. ಅವರಲ್ಲಿ ಪಿಯುಸಿ ಮುಗಿಸಿದವರೂ ಇದ್ದಾರೆ. ದುಡಿಮೆ ಯಾವುದೂ ಕೀಳಲ್ಲ. ಆದರೆ ಬೇರೆ ದಾರಿ ಇದೆ ಅಂತ ಹೇಳುವವರೇ ಇಲ್ಲದೆ ಮಿಷನ್ ಮುಂದೆ ಕೂತವರ ಮಾತೇನು? ಅಂಥ ಒಂದು ದಾರಿಯ ಬಗ್ಗೆ ಇವತ್ತು ಮಾತಾಡೋಣ. ನರ್ಸ್ ಆಗಿ, ಅಲ್ಲಿಗೆ ನಿಲ್ಲದೆ ಮುಂದೆ ಓದಿ ಸೂಲಗಿತ್ತಿಯಾಗುವ ದಾರಿ.

ಸೂಲಗಿತ್ತಿಯಾಗೋಕೂ ಓದಬೇಕಾ ಅಂತ ನಗಬೇಡಿ. ಹೆರಿಗೆಯನ್ನು ಮೈಲಿಗೆ ಅಂದವರು ಯಾರು? ರಕ್ತ ಮುಟ್ಟಬಾರದು, ಮಾಸು ಮುಟ್ಟಬಾರದು ಅಂತ ಎಷ್ಟೋ ಹಳ್ಳಿಗಳಲ್ಲಿ ಆ ಕೆಲಸವನ್ನು ನಮ್ಮ ಕೇರಿಯ ಅಜ್ಜಿಯರಿಗೆ, ಕೆಳಗಿಟ್ಟ ಜಾತಿಗಳ ಹೆಂಗಸರಿಗೆ ಬಿಟ್ಟರು. ಹೊಕ್ಕುಳಬಳ್ಳಿ ಕೊಯ್ಯುವಾಗ ಒಳಗೆ ಕರೆದರು. ಸೂತಕ ಕಳೆದ ಮೇಲೆ ಅದೇ ಅಜ್ಜಿಯನ್ನು ಹೊಸ್ತಿಲಾಚೆ ನಿಲ್ಲಿಸಿದರು. ಕೂಲಿ ಅಂದರೆ ಒಂದು ಮೊರ ರಾಗಿ, ಒಂದು ಹಳೇ ಸೀರೆ. ಕೈ ಬೇಕಿತ್ತು, ಕೈಯ ಒಡತಿ ಬೇಕಿರಲಿಲ್ಲ.

ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಅವರು ಶಾಲೆ ಕಂಡವರಲ್ಲ. ಅಜ್ಜಿಯ ಜೊತೆ ಓಡಾಡಿ ಕೆಲಸ ಕಲಿತರು. ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು, ಆಗ ಅವರಿಗೆ ತೊಂಬತ್ತು ದಾಟಿತ್ತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಸರಿ. ಅವರಂತೆ ದುಡಿದು ಹೆಸರೇ ಇಲ್ಲದೆ ಹೋದ ಅಜ್ಜಿಯರಿಗೆ ಸಂಬಳ ಯಾರು ಕೊಟ್ಟರು? ಪಿಂಚಣಿ ಯಾರು ಕೊಟ್ಟರು?

ಹಾಗಂತ ಹೆರಿಗೆ ಮತ್ತೆ ಮನೆಗೇ ಬರಲಿ ಅಂತ ನಾವು ಹೇಳುವುದಿಲ್ಲ. ರಕ್ತಸ್ರಾವ, ನಂಜು, ಬಿಪಿ ಏರಿ ಬರುವ ಫಿಟ್ಸ್ ಬಾಣಂತಿಯರನ್ನು ಕೊಲ್ಲುತ್ತವೆ. ಅಲ್ಲಿ ಕೈಗುಣ ಒಂದೇ ಸಾಲದು. ಔಷಧಿ ಬೇಕು, ರಕ್ತ ಬೇಕು, ಡಾಕ್ಟರು ಬೇಕು. ಆದರೆ ಕೆಲಸ ಆಸ್ಪತ್ರೆ ಸೇರಿ ಅದಕ್ಕೆ ಸಂಬಳ, ಸರ್ಟಿಫಿಕೇಟು ಬಂದಾಗ ನಮ್ಮ ಅಜ್ಜಿಯರು ಹೊರಗುಳಿದರು. ಮೊಮ್ಮಕ್ಕಳೂ ಹೊರಗುಳಿಯಬೇಕೇ?

ದಾರಿ ಹೀಗಿದೆ, ಬರೆದುಕೊಳ್ಳಿ. ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಜಿಎನ್‌ಎಂ ಸೇರಬಹುದು, 3 ವರ್ಷ. ವಿಜ್ಞಾನ ಓದಿದವರಿಗೆ ಬಿ.ಎಸ್ಸಿ. ನರ್ಸಿಂಗ್, 4 ವರ್ಷ. ಪಾಸಾದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು. ಆ ನೋಂದಣಿಯಲ್ಲಿ ನರ್ಸ್ ಅಂತಲೂ ಇರುತ್ತದೆ, ಸೂಲಗಿತ್ತಿ ಅಂತಲೂ ಇರುತ್ತದೆ. ಆದರೆ ವಾರ್ಡಿನಿಂದ ವಾರ್ಡಿಗೆ ಹಾಕುತ್ತಿದ್ದರೆ ಹೆರಿಗೆಯ ಕೆಲಸ ಕೈಗೆ ಹತ್ತುವುದಿಲ್ಲ. ಅದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದಿತು. ಹೆರಿಗೆಯಲ್ಲಿ ಅನುಭವ ಇರುವ ನರ್ಸುಗಳಿಗೆ 18 ತಿಂಗಳ ತರಬೇತಿ. ಅದರ ಹೆಸರು ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ. ಹೀಗೆ ಕಲಿತವರು ಸಹಜ ಹೆರಿಗೆಯನ್ನು ತಾವೇ ನಡೆಸುತ್ತಾರೆ, ಅಪಾಯದ ಗುರುತು ಕಂಡ ಕೂಡಲೇ ಡಾಕ್ಟರಿಗೆ ಒಪ್ಪಿಸುತ್ತಾರೆ.

ಒಂದು ಎಚ್ಚರಿಕೆ. ಬೋರ್ಡು ನೋಡಿ ಫೀಸು ಕಟ್ಟಬೇಡಿ. ಕಾಲೇಜಿಗೆ ಮಾನ್ಯತೆ ಇದೆಯಾ ಅಂತ ಮೊದಲು ಕೌನ್ಸಿಲಿನಲ್ಲಿ ವಿಚಾರಿಸಿ. ಸ್ಕಾಲರ್‌ಶಿಪ್ಪಿನ ಅರ್ಜಿಯನ್ನು ಕೊನೇ ದಿನಕ್ಕೆ ಬಿಡಬೇಡಿ.

ಇದು ಬರೀ ನೌಕರಿಯ ಮಾತಲ್ಲ. ನೋವಿನಲ್ಲಿ ಕೂಗಿದ ಬಡ ಹೆಂಗಸಿಗೆ ಬೈಗುಳ, ತೊಡೆಗೆ ಏಟು ಬಿದ್ದ ಸಂಗತಿ ನಮ್ಮ ತಾಯಂದಿರು ಎಷ್ಟು ಹೇಳಿಲ್ಲ? ಹೆರುವವಳನ್ನು ಎದ್ದು ಓಡಾಡಲು ಬಿಡುವುದು, ಬೇಕಾದಂತೆ ಕೂರಲು ಬಿಡುವುದು, ಜೊತೆಗೆ ತನ್ನವರೊಬ್ಬರು ಇರಲು ಬಿಡುವುದು, ಇವೆಲ್ಲ ಈ ಹೊಸ ಓದಿನ ಪಾಠಗಳೇ. ನಮ್ಮ ಅಜ್ಜಿಯರಿಗೂ ಇದು ಗೊತ್ತಿತ್ತು. ಅವಮಾನ ಉಂಡವರ ಮನೆಯ ಮಗಳು ಆ ಕೋಣೆಯಲ್ಲಿ ಅಧಿಕಾರದಿಂದ ನಿಂತರೆ ಬಡವಳ ಮೇಲೆ ಎತ್ತಿದ ಕೈಯನ್ನು ತಡೆಯಬಲ್ಲಳು.

1928ರಲ್ಲೇ ಬಾಬಾಸಾಹೇಬರು ಮುಂಬೈ ಶಾಸನ ಸಭೆಯಲ್ಲಿ, ದುಡಿಯುವ ತಾಯಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆಯ ಪರ ನಿಂತು ಮಾತಾಡಿದರು. ತಾಯಿಯ ಮೈ ದೇಶದ ಲೆಕ್ಕಕ್ಕೆ ಬರಬೇಕು ಅನ್ನುವುದೇ ಆ ಹೋರಾಟ. ಅದನ್ನು ಮುಂದುವರಿಸುವವರು ನೀವು.

ನಮ್ಮ ಬೇಡಿಕೆ ಇಷ್ಟು: ಈ ತರಬೇತಿ ಪಡೆದವರಿಗೆ ಪ್ರತ್ಯೇಕ ಹುದ್ದೆ ಬೇಕು. ಅವರನ್ನು ಬೇರೆ ವಾರ್ಡಿಗೆ ಎಳೆದಾಡಬಾರದು. ಸೀಟುಗಳಲ್ಲಿ ಮೀಸಲಾತಿ ಕಟ್ಟುನಿಟ್ಟಾಗಿ ಜಾರಿಯಾಗಬೇಕು. ತಮ್ಮಂದಿರೇ, ನಿಮ್ಮ ಕೆಲಸವೂ ಇದೆ. ಊರಿಗೆ ಹೋದಾಗ ಅಕ್ಕತಂಗಿಯರಿಗೆ ಈ ಸುದ್ದಿ ಮುಟ್ಟಿಸಿ, ಅವರ ಮದುವೆಗೆ ಅವಸರ ಮಾಡುವವರಿಗೆ ಅಡ್ಡ ನಿಲ್ಲಿ. ನೀವೂ ನರ್ಸಿಂಗ್ ಓದಬಹುದು, ನಾಚಿಕೆ ಬೇಡ.

ಮೈಲಿಗೆ ಅಂದವರನ್ನೂ ಎತ್ತಿಕೊಂಡದ್ದು ಈ ಕೈಗಳೇ. ಈ ಕೈಗಳಿಗೆ ಓದು ಬರಲಿ, ಸಂಬಳ ಬರಲಿ, ಮರ್ಯಾದೆ ಬರಲಿ.

ಜೈ ಭೀಮ್.